ಚಂದ್ರನಿಂದ ಇಳಿದವರ ಮಜ್ಜಿಗೆ

ಕಸದ ತೊಟ್ಟಿಯ ಮೇಲೆ ಕ್ಯಾಮೆರಾ ಇಡಿಸಿದ್ದು ಮಂದಾಕಿನಿಯೇ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ಶಶಿಲೋಕವೆಂಬ ಮನರಂಜನಾ ಪಾರ್ಕಿನ ನಿಯಂತ್ರಣ ಕೊಠಡಿಯಲ್ಲಿ ಉಳಿದವರೆಲ್ಲ ಗೋಪುರ, ದೋಣಿ, ರೈಲುಗಳ ಪರದೆಗಳ ಮುಂದೆ ಕೂತಿದ್ದರೆ, ಆಕೆ ಮಾತ್ರ ಮೂಲೆಯ ಪರದೆಯಲ್ಲಿ ಕಸದ ತೊಟ್ಟಿಯನ್ನೇ ನೋಡುತ್ತಿದ್ದಳು. ಜನ ಬರುತ್ತಿದ್ದರು. ಕೈಯಲ್ಲಿದ್ದ ನೀಲಿ ಪಾನೀಯದ ಲೋಟವನ್ನು ಒಮ್ಮೆ ದಿಟ್ಟಿಸುತ್ತಿದ್ದರು. ಅರ್ಧ ಕೂಡ ಖಾಲಿಯಾಗಿರದ ಲೋಟವನ್ನು ತೊಟ್ಟಿಗೆ ಹಾಕಿ, ಯಾರಾದರೂ ನೋಡಿದರೋ ಎಂಬಂತೆ ಅತ್ತಿತ್ತ ಕಣ್ಣಾಡಿಸಿ ಹೊರಟುಹೋಗುತ್ತಿದ್ದರು.

ಆ ನೀಲಿ ಪಾನೀಯದ ಹೆಸರು ಚಂದ್ರಾಮೃತ. ಅದು ಮಂದಾಕಿನಿಯ ಕೂಸು. ರುಚಿವಿಜ್ಞಾನ ಓದಿ, ಉಪ್ಪಿನಕಾಯಿ ಕಂಪನಿಯಲ್ಲಿ ದುಡಿದು, ಕೊನೆಗೆ ಈ ಪಾರ್ಕಿನ ಹಿಂಬದಿಯಲ್ಲೊಂದು ಪುಟ್ಟ ಪಾನೀಯ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಿ ಬಂದವಳು ಅವಳು. ಪಾರ್ಕಿನ ನಡುವೆ ಚಂದ್ರಪಾತ ಎಂಬ ಎತ್ತರದ ಗೋಪುರವಿತ್ತು. ಜನರನ್ನು ಕುರ್ಚಿಗೆ ಬಿಗಿದು ಮೇಲಕ್ಕೊಯ್ದು, ಒಂದು ಗಳಿಗೆ ಆಕಾಶದಲ್ಲಿ ತೂಗುಹಾಕಿ, ತಟ್ಟನೆ ಕೈಬಿಡುವ ಆಟ. ಅದರಿಂದ ಇಳಿದವರಿಗಾಗಿಯೇ ಮಾಡಿದ ಪಾನೀಯ ಚಂದ್ರಾಮೃತ: ಏಲಕ್ಕಿ, ಗುಲಾಬಿ, ಕಲ್ಲುಸಕ್ಕರೆ, ಮೇಲೆ ಬೆಳ್ಳಿಪುಡಿಯಂತೆ ಹೊಳೆಯುತ್ತ ಸುಳಿಯುವ ಕಣಗಳು. ಪ್ರಯೋಗಾಲಯದಲ್ಲಿ ಅದನ್ನು ಕುಡಿದವರೆಲ್ಲ ಇನ್ನೊಂದು ಲೋಟ ಕೇಳಿದ್ದರು. ಗೋಪುರದ ಬುಡದಲ್ಲಿ ಜನ ಅದರ ಫೋಟೋ ತೆಗೆದುಕೊಳ್ಳುತ್ತಿದ್ದರು, ಎರಡು ಗುಟುಕು ಕುಡಿಯುತ್ತಿದ್ದರು, ಎಸೆಯುತ್ತಿದ್ದರು.

ಸೋಜಿಗವೆಂದರೆ, ಪಾರ್ಕಿನ ಇನ್ನೊಂದು ತುದಿಯ ಮಕ್ಕಳ ದೋಣಿಯ ಬಳಿ ಮಾರುವ ನಕ್ಷತ್ರಹಾಲು ದಿನವೂ ಮಧ್ಯಾಹ್ನದೊಳಗೆ ಮುಗಿದುಹೋಗುತ್ತಿತ್ತು. ಅದನ್ನು ಮಂದಾಕಿನಿ ಒಂದು ವಾರದಲ್ಲಿ, ಅಷ್ಟೇನೂ ತಲೆ ಕೆಡಿಸಿಕೊಳ್ಳದೆ ಮಾಡಿದ್ದಳು. ಬಾದಾಮಿ ಹಾಲು, ಮೇಲೊಂದು ನಕ್ಷತ್ರದ ಮುಚ್ಚಳ, ಅಷ್ಟೇ.

ಪಾರ್ಕಿನ ವ್ಯವಸ್ಥಾಪಕ ಬೆಳ್ಯಪ್ಪನವರು ಒಳ್ಳೆಯ ಮನುಷ್ಯ. ಕೊಡಗಿನವರು, ಮಾತು ಕಡಿಮೆ, ಆಡಿದ್ದು ನೇರ. "ಮೇಡಂ, ದಸರಾವರೆಗೂ ನೋಡ್ತೇನೆ," ಎಂದರು ಒಂದು ದಿನ. "ಆಮೇಲೆ ಗೋಪುರದ ಅಂಗಡಿನ ಹೊರಗಿನ ಸೋಡಾ ಕಂಪನಿಗೆ ಕೊಟ್ಟುಬಿಡಬೇಕಾಗುತ್ತೆ. ಅವರು ಬಂದ್ರೆ ನಿಮ್ಮ ಲ್ಯಾಬು ಯಾಕೆ ಅಂತ ಮೇಲಿನವರು ಕೇಳ್ತಾರೆ. ನನ್ನ ಹತ್ರ ಉತ್ತರ ಇರಲ್ಲ."

ಉತ್ತರ ಹುಡುಕಲು ಮಂದಾಕಿನಿಗೆ ದಾರಿ ತೋರಿಸಿದ್ದು ನಫೀಸಾ. ಪಾರ್ಕಿನ ಯಂತ್ರಗಳ ಸಂವೇದಕಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಅವಳು. ಬಿಡುವಿನಲ್ಲಿ ತನ್ನ ಮೇಜಿನ ಮೇಲೆ ಏನಾದರೊಂದು ಬಿಚ್ಚಿ ಜೋಡಿಸುತ್ತಲೇ ಇರುವವಳು. ಅವಳು ಮಾಡಿದ್ದು ಒಂದು ಜೊತೆ ಲೋಟ. ಎರಡರ ಅಂಚಿಗೂ ಕೂದಲಿಗಿಂತ ಸಣ್ಣ ಬೆಳ್ಳಿ ತಂತಿಯ ಬಲೆ. ನಾಲಗೆಯ ಮೇಲೆ ಸಿಹಿಯೋ ಹುಳಿಯೋ ಬಿದ್ದಾಗ ಅಲ್ಲಿನ ರುಚಿಮೊಗ್ಗುಗಳು ಮಿದುಳಿಗೆ ಸಣ್ಣ ವಿದ್ಯುತ್ ಸುದ್ದಿ ಕಳಿಸುತ್ತವೆ. ಮೊದಲ ಲೋಟ ಆ ಸುದ್ದಿಯನ್ನು ಕದ್ದು ಕೇಳುತ್ತಿತ್ತು. ಎರಡನೆಯ ಲೋಟ ಅದನ್ನು ಹಾಗೆಯೇ ಇನ್ನೊಬ್ಬರ ನಾಲಗೆಗೆ ಹೇಳುತ್ತಿತ್ತು. ಅಲ್ಲೊಬ್ಬರು ಪಾನಕ ಕುಡಿದರೆ ಇಲ್ಲಿ ಬರೀ ನೀರು ಕುಡಿಯುವವರಿಗೆ ಪಾನಕದ ರುಚಿ. ಅದೂ ತನ್ನ ಬಾಯಿಯ ರುಚಿಯಲ್ಲ, ಅವರ ಬಾಯಿಯ ರುಚಿ. ವಾಸನೆ ಮಾತ್ರ ದಾಟುತ್ತಿರಲಿಲ್ಲ. ಕೇಳಿದ ಸುದ್ದಿಯೆಲ್ಲ ಜೊತೆಗಿದ್ದ ಪುಟ್ಟ ಪರದೆಯ ಮೇಲೆ ಗೆರೆಗಳಾಗಿ ಮೂಡಿ ಉಳಿಯುತ್ತಿತ್ತು. ನಫೀಸಾ ಅದಕ್ಕೆ ಜೋಡಿಲೋಟ ಎಂದು ಹೆಸರಿಟ್ಟಿದ್ದಳು.

ಮೊದಲ ಸಲ ಅದನ್ನು ಹಚ್ಚಿದ ದಿನ ನಫೀಸಾ ಗೋಪುರದ ಬುಡದಲ್ಲಿ ನಿಂತಿದ್ದಳು, ಮಂದಾಕಿನಿ ಪ್ರಯೋಗಾಲಯದಲ್ಲಿ.

"ಮೇಡಂ, ಈಗ ತಾನೇ ಇಳಿದವರೊಬ್ಬರು ಕುಡೀತೀನಿ ಅಂದಿದ್ದಾರೆ. ಎಲ್ಲ ಹೇಳಿ ಒಪ್ಪಿಗೆ ತಗೊಂಡಿದ್ದೀನಿ," ಎಂದಳು ಫೋನಿನಲ್ಲಿ. "ಹಾಂ, ಬಾಯಿಗಿಟ್ಟರು. ನೀವೂ ಕುಡೀರಿ."

ಮಂದಾಕಿನಿ ನೀರು ಗುಟುಕರಿಸಿದಳು. ತಾನೇ ತಿಂಗಳುಗಟ್ಟಲೆ ತಿದ್ದಿ ತೀಡಿದ ಪಾನೀಯ ಅದೆಂದು ಅವಳಿಗೆ ಗುರುತೇ ಸಿಗಲಿಲ್ಲ. ಸಿಹಿ ಇತ್ತು, ಆದರೆ ಗೋಡೆಯಾಚೆ ಯಾರೋ ಹಾಕಿದ ರೇಡಿಯೋದ ಹಾಗೆ ಎಲ್ಲೋ ಇತ್ತು. ಅದರ ಹಿಂದಿನಿಂದ ನೀಲಿ ಬಣ್ಣದ ಕಹಿ ಮಾತ್ರ ಮುಂದೆ ಬಂದು ನಾಲಗೆಗೆ ಅಂಟಿಕೊಂಡಿತು. ಅವಳಿಗೂ ಲೋಟ ಕೆಳಗಿಡಬೇಕೆನಿಸಿತು.

ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಹೆದರಿದವರ ಬಾಯಿ ಒಣಗುತ್ತದೆ. ಎಂಜಲಿಲ್ಲದ ನಾಲಗೆಯ ಮೇಲೆ ಸಕ್ಕರೆ ಕರಗುವುದಿಲ್ಲ, ಮೆತ್ತಿಕೊಳ್ಳುತ್ತದೆ. ಸಾಲದ್ದಕ್ಕೆ ಗೋಪುರದ ಮೋಟಾರಿನ ಗದ್ದಲ, ಜನರ ಕಿರುಚಾಟ. ಜೋರು ಸದ್ದಿನಲ್ಲಿ ಸಿಹಿ ಮಂಕಾಗುತ್ತದೆಂದು ಅವಳು ಓದಿಯೂ ಇದ್ದಳು. ಮಕ್ಕಳ ದೋಣಿ ಮೆಲ್ಲಗೆ ತೇಲುತ್ತದೆ. ಅಲ್ಲಿಂದ ಇಳಿದ ಮಗುವಿನ ಬಾಯಿ ಒದ್ದೆಯಾಗಿರುತ್ತದೆ, ಕಿವಿ ತಂಪಾಗಿರುತ್ತದೆ. ಹಾಗಾಗಿ ಅಲ್ಲಿ ಬಾದಾಮಿ ಹಾಲು ಗೆಲ್ಲುತ್ತದೆ, ಇಲ್ಲಿ ಅಮೃತ ಸೋಲುತ್ತದೆ.

ರೋಗ ತಿಳಿಯಿತು, ಮದ್ದು ತಿಳಿಯಲಿಲ್ಲ. ಸಿಹಿ ಹೆಚ್ಚಿಸಿದಳು, ಇಳಿಸಿದಳು, ನಿಂಬೆ ಹಿಂಡಿದಳು, ಗುಲಾಬಿ ತೆಗೆದಳು. ತೊಟ್ಟಿ ತುಂಬುತ್ತಲೇ ಇತ್ತು. ಕೊನೆಗೆ, ಗದ್ದಲವಿಲ್ಲದ ಕಡೆ ನೆಮ್ಮದಿಯಿಂದ ಉಣ್ಣುವ ನಾಲಗೆ ಹೇಗೆ ಮಾತಾಡುತ್ತದೆಂದು ನೋಡಿ ಹೋಲಿಸೋಣವೆಂದು ಜೋಡಿಲೋಟವನ್ನು ಒಂದು ಶನಿವಾರ ಮನೆಗೆ ತಂದಳು.

ಮನೆಯಲ್ಲಿ ಗಂಡ ಶ್ರೀಕಂಠನಿದ್ದ. ಹೈಸ್ಕೂಲಿನ ಗಣಿತದ ಮೇಷ್ಟ್ರು. ಎರಡು ವರ್ಷದ ಹಿಂದೆ ಅವನ ಗಂಟಲಲ್ಲಿ ಗಡ್ಡೆಯಾಗಿ, ಕಿರಣ ಚಿಕಿತ್ಸೆ ಕೊಡಿಸಿ, ಬದುಕಿಸಿಕೊಂಡಿದ್ದಳು. ದನಿ ಸ್ವಲ್ಪ ಒಡೆದಿತ್ತು. ಸದಾ ಪಕ್ಕದಲ್ಲೊಂದು ನೀರಿನ ಬಾಟಲಿ ಬೇಕಾಗಿತ್ತು. ಮಿಕ್ಕಂತೆ ಎಲ್ಲ ಮೊದಲಿನ ಹಾಗೆ. ರುಚಿ ಹೋಗಿದ್ದು ಕೆಲವು ತಿಂಗಳಲ್ಲಿ ಮರಳುತ್ತದೆಂದು ಡಾಕ್ಟರು ಹೇಳಿದ್ದರು. ಮರಳಿತ್ತು ಕೂಡ. ಹಾಗೆಂದು ಶ್ರೀಕಂಠನೇ ಹೇಳಿದ್ದ. ಅಂದಿನಿಂದ ಮಂದಾಕಿನಿ, ಎಷ್ಟೇ ದಣಿದು ಬಂದರೂ, ಅವನಿಗಿಷ್ಟವಾದದ್ದನ್ನೇ ಮಾಡಿ ಬಡಿಸುತ್ತಿದ್ದಳು.

ಆದರೆ ಲೋಟದ ವಿಷಯ ತೆಗೆದರೆ ಅವನು ಜಾರಿಕೊಂಡ. ಆ ದಿನ ತಲೆನೋವೆಂದ. ಮರುದಿನ ಪೇಪರ್ ತಿದ್ದಬೇಕೆಂದ. ಮಂದಾಕಿನಿಗೆ ನಗು ಬಂತು.

"ಏನ್ ರೀ, ಚುಚ್ಚುಮದ್ದಿಗೆ ಹೆದರೋ ಮಕ್ಕಳ ಥರ. ಒಂದು ಗುಟುಕು ಬಸ್ಸಾರು ಕುಡೀರಿ, ಸಾಕು."

ಅವನು ಲೋಟ ತೆಗೆದುಕೊಂಡು ಕುಡಿದ. ಹುರುಳಿಕಾಳಿನ ಬಸ್ಸಾರು, ಅವನ ತಾಯಿ ಮಾಡುತ್ತಿದ್ದ ಹದದಲ್ಲಿ ಕುದಿಸಿದ್ದು. ಮಂದಾಕಿನಿ ಎದುರು ಕೂತು ತನ್ನ ಲೋಟದ ನೀರು ಗುಟುಕರಿಸಿದಳು. ನೀರು ನೀರಾಗಿಯೇ ಇತ್ತು.

ತಂತಿ ಸಡಿಲವಾಗಿದೆಯೇನೋ ಎಂದು ಒತ್ತಿದಳು. ಲೋಟಗಳನ್ನು ಅದಲುಬದಲು ಮಾಡಿದಳು. ತಾನೇ ಬಸ್ಸಾರು ಕುಡಿದು ನೋಡಿದಳು: ಪರದೆಯ ಮೇಲೆ ಗೆರೆಗಳು ಎದ್ದು ಕುಣಿದವು. "ಇನ್ನೊಂದ್ಸಲ ಕುಡೀರಿ. ಅಂಚು ನಾಲಗೆಗೆ ತಾಗಿರಲಿಲ್ಲ ಅನ್ಸುತ್ತೆ," ಎಂದಳು. ಅವನು ಕುಡಿದ. ಗೆರೆಗಳು ಮಲಗಿಕೊಂಡವು. ಮಂದಾಕಿನಿ ನಫೀಸಾಗೆ ಫೋನು ಮಾಡಲೆಂದು ಎದ್ದಳು.

"ಲೋಟ ಸರಿಯಾಗೇ ಇದೆ, ಮಂದಾ," ಎಂದ ಶ್ರೀಕಂಠ. "ಕೂತ್ಕೋ."

ಅವಳು ಕೂರಲಿಲ್ಲ.

"ಬರುತ್ತೆ ಬರುತ್ತೆ ಅಂತ ನಾನೂ ಕಾದೆ," ಎಂದ ಅವನು. "ಯುಗಾದಿ ದಿನ ನೀನು ಒಬ್ಬಟ್ಟು ಮಾಡಿ ಎದುರಿಗೆ ಕೂತ್ಕೊಂಡೆ. ನನ್ನ ಮುಖಾನೇ ನೋಡ್ತಾ ಇದ್ದೆ. ಬಂತು ಅಂದ್ಬಿಟ್ಟೆ. ನೀನು ಅತ್ತೆ. ಆಮೇಲೆ ಅದನ್ನ ವಾಪಸ್ ತಗೊಳ್ಳೋದು ಹೇಗೆ ಹೇಳು?"

"ಅವತ್ತಿಂದ ಏನೂ ಇಲ್ವಾ?"

"ವಾಸನೆ ಬರುತ್ತೆ. ಅದೇ ಕಷ್ಟ. ಒಗ್ಗರಣೆ ಘಮ ಬಂದಾಗೆಲ್ಲ ಇವತ್ತು ಇರಬಹುದು ಅನ್ಸುತ್ತೆ. ಬಾಯಿಗಿಟ್ರೆ ಒದ್ದೆ ಕಾಗದ."

ಮಂದಾಕಿನಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಾಲಗೆಯನ್ನೇ ಓದಿ ಹೊಟ್ಟೆ ಹೊರೆಯುವವಳು ತಾನು. ಎದುರಿಗೆ ಕೂತು ಉಣ್ಣುವವನ ನಾಲಗೆ ಸತ್ತುಹೋಗಿದ್ದು ತನಗೆ ಕಾಣಲಿಲ್ಲ. ಅವನು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಣ್ಣುತ್ತಿದ್ದುದನ್ನು ನೋಡಿ ಹಿಗ್ಗುತ್ತಿದ್ದಳಲ್ಲ! ಅದೆಲ್ಲ ಅವನು ತನಗಾಗಿ ನುಂಗಿದ ಒದ್ದೆ ಕಾಗದ.

ಆದರೆ ಮಂದಾಕಿನಿ ಕೈಕಟ್ಟಿ ಕೂರುವವಳಲ್ಲ. ಮೂರನೆಯ ದಿನಕ್ಕೆ ಅವಳಿಗೆ ಒಂದು ಆಸೆ ಮೊಳೆಯಿತು. ಅವನ ನಾಲಗೆಯ ಸುದ್ದಿ ತನಗೆ ದಾಟುವುದಾದರೆ ತನ್ನ ನಾಲಗೆಯ ಸುದ್ದಿ ಅವನಿಗೇಕೆ ದಾಟಬಾರದು? ತಾನು ಉಂಡರೆ ಅವನಿಗೆ ರುಚಿ ಸಿಗಬಹುದಲ್ಲ? ಸಂಜೆ ಮನೆಗೆ ಬಂದವಳೇ ಅವನನ್ನು ಎದುರು ಕೂರಿಸಿಕೊಂಡು, ತಾನು ಹುಳಿ ಕುಡಿದು, ಅವನಿಗೆ ನೀರಿನ ಲೋಟ ಕೊಡುತ್ತಿದ್ದಳು.

"ಏನಾದ್ರೂ?"

"ಜುಮ್ ಅಂತು."

"ಹುಳಿ ಥರಾನಾ?"

"ಬ್ಯಾಟರಿ ನೆಕ್ಕಿದ ಥರ."

ನಫೀಸಾಳನ್ನು ಕಾಡಿ ಲೋಟದ ವಿದ್ಯುತ್ತನ್ನು ಹೆಚ್ಚಿಸಿಕೊಂಡಳು. "ಮೇಡಂ, ಕೇಳೋ ಕಿವಿ ಇದ್ರೆ ತಾನೇ ಕೂಗಿದ್ದು ಕೇಳೋದು," ಎಂದು ನಫೀಸಾ ಮೆಲ್ಲಗೆ ಹೇಳಿದಳು. ಮಂದಾಕಿನಿ ಕೇಳಿಸಿಕೊಳ್ಳಲಿಲ್ಲ. ಇನ್ನಷ್ಟು ಹೆಚ್ಚಿಸಿದಳು. ಶ್ರೀಕಂಠ ಒಮ್ಮೆಯೂ ಒಲ್ಲೆನೆನ್ನದೆ ದಿನವೂ ನಾಲಗೆ ಚಾಚಿ ಕೂತ. ಒಂದು ಬೆಳಗ್ಗೆ ಅವನು ಹಲ್ಲುಜ್ಜುವಾಗ ಹಿಡಿದು ನಿಲ್ಲಿಸಿ ಬಾಯಿ ತೆರೆಸಿ ನೋಡಿದರೆ, ನಾಲಗೆಯ ತುದಿಯಲ್ಲಿ ಸುಟ್ಟ ಬೊಬ್ಬೆ.

"ಹೇಳೋಕೇನಾಗಿತ್ತು ನಿಮಗೆ?" ಎಂದಳು.

"ನೀನು ಅಷ್ಟು ಆಸೆ ಇಟ್ಕೊಂಡಿದ್ದೆ."

"ಮತ್ತೆ ಅದೇ ಮಾಡಿದ್ರಲ್ಲ! ನನಗೋಸ್ಕರ ಅಂತ ಮತ್ತೆ ಸುಳ್ಳು."

ಶ್ರೀಕಂಠ ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ನಿಧಾನವಾಗಿ ಹೇಳಿದ: "ಸರಿ. ಈಗ ನಿಜ ಹೇಳ್ತೀನಿ, ಕೇಳು. ನನಗೆ ನಿನ್ನ ನಾಲಗೆ ಬೇಡ. ಹೋಗಿದ್ದು ಹೋಯ್ತು. ಇರೋದ್ರಲ್ಲಿ ಊಟ ಮಾಡ್ತೀನಿ. ಆದ್ರೆ ಒಬ್ಬನೇ ಮಾಡೋಕೆ ಆಗಲ್ಲ."

"ಇರೋದು ಅಂದ್ರೆ? ಏನಿದೆ?"

ಇಷ್ಟು ದಿನ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಏನು ಹೋಯಿತೆಂದೇ ಎಲ್ಲರೂ ಕೇಳಿದ್ದರು. ಅವನು ಅಡುಗೆಮನೆಗೆ ಹೋದ. ಡಬ್ಬಗಳನ್ನು ಒಂದೊಂದಾಗಿ ತೆಗೆದು ತೋರಿಸತೊಡಗಿದ. ಕಡಲೆಪುರಿ ಇಷ್ಟ, ಕಿವಿಯಲ್ಲಿ ಸದ್ದು ಬರುತ್ತದಲ್ಲ. ಆದರೆ ಬಾಯಿ ಒಣ, ಬರಿದೇ ತಿಂದರೆ ಗಂಟಲಿಗೆ ಅಂಟುತ್ತದೆ. ಶುಂಠಿ ಗೊತ್ತಾಗುತ್ತದೆ. ಮೆಣಸು ಚೆನ್ನಾಗಿ ಗೊತ್ತಾಗುತ್ತದೆ. ಮಂಜುಗಡ್ಡೆ ಗೊತ್ತಾಗುತ್ತದೆ, ಎಳನೀರು ಗೊತ್ತಾಗುವುದಿಲ್ಲ. ಸೌತೆಕಾಯಿ ಕಚ್ಚಿದರೆ ಖುಷಿ, ಬಾಳೆಹಣ್ಣು ಕಚ್ಚಿದರೆ ಬೇಸರ.

ಮಂದಾಕಿನಿ ಡಬ್ಬಗಳ ನಡುವೆ ನಿಂತು ಕೇಳಿದಳು. ಉರಿ, ತಣ್ಣಗೆ, ಗರಿಗರಿ, ಚುರುಕು: ಇವು ಯಾವುವೂ ನಾಲಗೆಯ ರುಚಿಯಲ್ಲ. ಅವುಗಳ ಸುದ್ದಿ ಹೊರುವುದು ಮುಖದ ಬೇರೊಂದು ನರ. ಅದು ಕಿರಣಕ್ಕೆ ಸುಲಭಕ್ಕೆ ಸಾಯುವುದಿಲ್ಲ. ಪರೀಕ್ಷೆಯಲ್ಲಿ ಅವಳು ಇದನ್ನು ಎಷ್ಟೋ ಸಲ ಬರೆದಿದ್ದಳು. ಅದು ತನ್ನ ಮನೆಯ ಊಟದ ವಿಷಯವೆಂದು ಮಾತ್ರ ತಿಳಿದಿರಲಿಲ್ಲ.

ಅಂದಿನಿಂದ ಇಬ್ಬರೂ ಸೇರಿ ಅಡುಗೆ ಮಾಡತೊಡಗಿದರು. ಡಾಕ್ಟರನ್ನು ಕೇಳಿ, ಬೊಬ್ಬೆ ಮಾಯುವವರೆಗೂ ಖಾರ ತಡೆದು, ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿದರು. ಮೊಸರನ್ನಕ್ಕೆ ಹುರಿದ ಕಡಲೆಬೇಳೆ. ತಣ್ಣನೆಯ ಗೊಜ್ಜಿಗೆ ಕೊನೆಗಳಿಗೆಯಲ್ಲಿ ಹಾಕಿದ ಸಂಡಿಗೆ ಚೂರು. ಶ್ರೀಕಂಠ ಒಂದೆರಡನ್ನು ಚೆನ್ನಾಗಿಲ್ಲವೆಂದು ತಟ್ಟೆಯಲ್ಲೇ ಬಿಟ್ಟ. ಅವನು ಬಿಟ್ಟ ಅನ್ನ ನೋಡಿ ಮಂದಾಕಿನಿಗೆ ಆದಷ್ಟು ಸಮಾಧಾನ ಈಚೆಗೆ ಯಾವುದರಿಂದಲೂ ಆಗಿರಲಿಲ್ಲ.

ಪಾರ್ಕಿನ ಗಂಟು ಬಿಚ್ಚಿದ್ದೂ ಆ ದಿನಗಳಲ್ಲೇ. ಪ್ರಯೋಗಾಲಯದಲ್ಲಿ ಅವಳು ಶ್ರೀಕಂಠನ ನಾಲಗೆಯ ಗೆರೆಗಳನ್ನು ಅಳಿಸಲು ಹೋಗಿ, ಪಕ್ಕದಲ್ಲಿದ್ದ ಗೋಪುರದವರ ಗೆರೆಗಳನ್ನು ನೋಡಿದಳು. ಒಂದೇ ಅಲ್ಲ, ಆದರೆ ಅಕ್ಕಪಕ್ಕದ ಮನೆಯವು. ಒಣ ಬಾಯಿ, ಮಲಗಿದ ಸಿಹಿ. ಚಂದ್ರಪಾತದಿಂದ ಇಳಿಯುವ ಪ್ರತಿಯೊಬ್ಬರೂ ಒಂದಿಷ್ಟು ಹೊತ್ತು ಶ್ರೀಕಂಠನೇ. ಅವರಿಗೆ ತಾನು ಬಡಿಸುತ್ತಿರುವುದು ಒಬ್ಬಟ್ಟು.

ಬೆಳ್ಯಪ್ಪನವರು ಅವಳ ಹೊಸ ಪಾನೀಯ ನೋಡಿ ಕನ್ನಡಕ ತೆಗೆದರು. "ಇದು ಮಜ್ಜಿಗೆಯಲ್ವಾ ಮೇಡಂ?"

"ಮಜ್ಜಿಗೇನೇ ಸಾರ್. ಮಂಜುಗಡ್ಡೆ, ಶುಂಠಿ, ಕಾಳುಮೆಣಸು. ಮೇಲೆ ಕಡಲೆಪುರಿ."

"ದುಡ್ಡು ಕೊಟ್ಟು ಪಾರ್ಕಿಗೆ ಬಂದವರು ಮಜ್ಜಿಗೆ ಕುಡೀತಾರಾ? ಮನೇಲಿ ಸಿಗಲ್ವಾ? ಇದರಲ್ಲಿ ಚಂದ್ರ ಎಲ್ಲಿದ್ದಾನೆ?"

"ಸಾರ್, ನೀವು ಯಾವತ್ತಾದ್ರೂ ಚಂದ್ರಪಾತ ಹತ್ತಿದ್ದೀರಾ?"

ಹತ್ತಿರಲಿಲ್ಲ. ಗೋಪುರ ಕಟ್ಟಿಸಿದವರು ಅವರೇ, ಆದರೂ ಹತ್ತಿರಲಿಲ್ಲ. ಮಂದಾಕಿನಿ ಬಿಡಲಿಲ್ಲ. ತಾನೂ ಪಕ್ಕದ ಕುರ್ಚಿಯಲ್ಲಿ ಕೂತಳು. ಮೇಲೆ ಹೋದಾಗ ದೂರದಲ್ಲಿ ಕಪಿಲೆಯ ನೀರು ಹೊಳೆಯಿತು. ಬೆಳ್ಯಪ್ಪನವರು ಕಣ್ಣು ಮುಚ್ಚಿ ಏನನ್ನೋ ಪಿಸುಗುಟ್ಟುತ್ತಿದ್ದರು. ಆಮೇಲೆ ಲೋಕವೇ ಕೆಳಗಿನಿಂದ ಜಾರಿಹೋಯಿತು. ಇಳಿದಾಗ ಅವರ ತುಟಿ ಒಣಗಿ ಬಿಳಿಚಿತ್ತು. ನಫೀಸಾ ಎರಡು ಲೋಟ ಮುಂದೆ ಹಿಡಿದಳು. ಅವರು ನೀಲಿಯದನ್ನು ಒಂದು ಗುಟುಕು ಕುಡಿದು ಹಿಂದಕ್ಕೆ ಕೊಟ್ಟರು. ಮಜ್ಜಿಗೆಯ ಲೋಟವನ್ನು ಪೂರ್ತಿ ಖಾಲಿ ಮಾಡಿದರು.

"ಕಾಲು ನೆಲಕ್ಕೆ ತಾಗಿತು, ಮೇಡಂ," ಎಂದರು ಕೊನೆಗೆ, ಮೀಸೆಗೆ ಅಂಟಿದ ಪುರಿ ಒರೆಸಿಕೊಳ್ಳುತ್ತ.

"ಚಂದ್ರನಿಂದ ಬಿದ್ದವರಿಗೆ ಚಂದ್ರ ಬೇಡ ಸಾರ್. ನೆಲ ಬೇಕು."

ಪಾನೀಯಕ್ಕೆ ನೆಲ ಎಂದೇ ಹೆಸರಾಯಿತು. ಮೊದಲ ವಾರ ಅದೂ ಸೋತಿತು. ಮೊದಲೇ ಬೆರೆಸಿಟ್ಟಿದ್ದ ಪುರಿ ನೆನೆದು ಮೆತ್ತಗಾಗಿ, ಜನ ಅದನ್ನು ಉಗುಳಿದರು. ಮಂದಾಕಿನಿ ತಲೆಯ ಮೇಲೆ ಕೈಹೊತ್ತು ಕೂತಾಗ ಶ್ರೀಕಂಠ ಅಂಗಡಿಗೆ ಬಂದು, ಕುಡಿದು, "ಸದ್ದೇ ಇಲ್ವಲ್ಲ," ಎಂದ. ಮರುದಿನದಿಂದ ಪುರಿಯನ್ನು ಗಿರಾಕಿಯ ಕಣ್ಣೆದುರಿಗೇ ಉದುರಿಸತೊಡಗಿದರು. ಚಂದ್ರನ ನೆಲದ ಹಾಗೆ ಬೂದುಬಿಳುಪಿನ ಮಜ್ಜಿಗೆಯ ಮೇಲೆ ಪುರಿ ಬಿದ್ದು ಚಿಟಚಿಟನೆ ಸದ್ದು ಮಾಡುವುದನ್ನು ಕೇಳಲು ಜನ ಲೋಟವನ್ನು ಕಿವಿಯ ಬಳಿ ಹಿಡಿಯುತ್ತಿದ್ದರು. ದಸರಾ ಬಂತು, ಹೋಯಿತು. ಸೋಡಾ ಕಂಪನಿಯವರು ಬರಲಿಲ್ಲ. ತೊಟ್ಟಿಯ ಮೇಲಿನ ಕ್ಯಾಮೆರಾವನ್ನು ಬೆಳ್ಯಪ್ಪನವರು ವಾಹನ ನಿಲ್ಲಿಸುವ ಜಾಗಕ್ಕೆ ಹಾಕಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ಅದು ಪಾರ್ಕಿನ ಸುದ್ದಿಯಷ್ಟೇ ಆಗುತ್ತಿತ್ತು. ಶ್ರೀಕಂಠ ತಪಾಸಣೆಗೆ ಆಸ್ಪತ್ರೆಗೆ ಹೋದಾಗ, ಸರತಿಯಲ್ಲಿ ಕೂತ ಗಂಟಲಿನ ರೋಗಿಗಳಿಗೆ ಈ ಮಜ್ಜಿಗೆಯ ವಿಷಯ ಹೇಳಿಬಂದ. ಒಬ್ಬಿಬ್ಬರು ಹುಡುಕಿಕೊಂಡು ಬಂದರು. ಬೆಳ್ಯಪ್ಪನವರು ಭಾನುವಾರ ಬೆಳಗ್ಗೆ, ಆಟಗಳು ಶುರುವಾಗುವ ಮುಂಚೆ, ಅಂಗಡಿಯನ್ನು ಅವರಿಗಾಗಿ ತೆರೆಸಿದರು. ಶ್ರೀಕಂಠ ಏಪ್ರನ್ ಕಟ್ಟಿಕೊಂಡು ತಾನೇ ಕೊಡಲು ನಿಂತ.

ಹಾಗೆ ಬಂದವಳು ಗುಂಡ್ಲುಪೇಟೆಯ ಪುಟ್ಟತಾಯಮ್ಮ. ಹೆದ್ದಾರಿಯಲ್ಲಿ ಲಾರಿಯವರಿಗೆ ಮೆಸ್ ನಡೆಸಿ ಹೆಸರು ಮಾಡಿದವಳು. ಚಿಕಿತ್ಸೆಯಾದ ಮೇಲೆ ಉಪ್ಪು ನೋಡಲಾಗದೆ ಸೌಟು ಕೆಳಗಿಟ್ಟಿದ್ದಳು. ಗಂಜಿಯನ್ನೂ ಬಲವಂತಕ್ಕೆ ಕುಡಿಯುವ ಸ್ಥಿತಿ. ಮಗಳು ಕೈಹಿಡಿದು ಕರೆತಂದಿದ್ದಳು. ಪುಟ್ಟತಾಯಮ್ಮ ಮುಖ ಗಂಟಿಕ್ಕಿಕೊಂಡೇ ಕೂತು, ಲೋಟ ತೆಗೆದುಕೊಂಡು, ಔಷಧ ಕುಡಿಯುವವಳ ಹಾಗೆ ಕಣ್ಣು ಮುಚ್ಚಿ ಕುಡಿದಳು. ಪುರಿ ಹಲ್ಲಿಗೆ ಸಿಕ್ಕು ಸದ್ದಾಯಿತು. ಅವಳು ಕಣ್ಣು ತೆರೆದಳು. ಇನ್ನೊಂದು ಗುಟುಕು ಕುಡಿದಳು. ಅದನ್ನು ಬಾಯಲ್ಲೇ ಇಟ್ಟುಕೊಂಡು ಆಚೀಚೆ ಹೊರಳಿಸಿ ನುಂಗಿದಳು.

"ಮೆಣಸು ಯಾಕ ಹಾಕುದ್ರಿ ಮೇಷ್ಟ್ರೇ?" ಎಂದಳು.

ಶ್ರೀಕಂಠ ತಬ್ಬಿಬ್ಬಾದ. "ಯಾಕಮ್ಮ, ಉರಿ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತದ. ಆದ್ರ ಅದು ಗಂಟಲಲ್ಲಿ ಉರೀತದ, ಬಾಯಿ ಖಾಲಿ ಆದ ಮ್ಯಾಲ. ಹಸಿಮೆಣಸಿನಕಾಯಿ ಜಜ್ಜಾಕಿ. ನಾಲಗ ತುದೀಲೇ ಹತ್ಕತದ."

"ಹಸಿಮೆಣಸಿನಕಾಯಿ ಒಂದೇ ಸಮ ಇರಲ್ಲಮ್ಮ. ಒಂದು ಖಾರ, ಒಂದು ಸಪ್ಪೆ. ಲೆಕ್ಕ ಸಿಗಲ್ಲ."

"ಲೆಕ್ಕ ನಿಮ್ಮ ಇಸ್ಕೂಲಲ್ಲಿ ಮಡಿಕೊಳ್ಳಿ. ಅಡುಗಗ ಲೆಕ್ಕ ಯಾಕ? ಬುಡಿ ಇತ್ತಾಗ." ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು ಕೌಂಟರಿನ ಒಳಗೇ ಬಂದಳು. ಮಗಳು ತಡೆಯಲು ಬಂದವಳು ಹಾಗೆಯೇ ನಿಂತುಬಿಟ್ಟಳು. ಪುಟ್ಟತಾಯಮ್ಮ ಮೆಣಸಿನಕಾಯಿ ಮುರಿದು, ಮೂಗಿನ ಹತ್ತಿರ ಹಿಡಿದು, ಬೇಡವೆಂದು ಎಸೆದು, ಇನ್ನೊಂದು ಮುರಿದಳು. ಶ್ರೀಕಂಠ ಮೆಣಸಿನ ಡಬ್ಬಿಯನ್ನು ಬಿಟ್ಟುಕೊಡದೆ ಎದೆಗವಚಿಕೊಂಡು ನಿಂತ. ರುಚಿಯೇ ತಿಳಿಯದ ಇಬ್ಬರು ಒಂದು ಲೋಟ ಮಜ್ಜಿಗೆಯ ಹದಕ್ಕಾಗಿ ಜಗಳಕ್ಕೆ ಬಿದ್ದರು. ಬೆಂಚಿನ ಮೇಲಿದ್ದ ಉಳಿದವರು ಒಬ್ಬರು ಅವಳ ಕಡೆ, ಒಬ್ಬರು ಇವನ ಕಡೆ ಮಾತು ಸೇರಿಸಿದರು.

ಮಂದಾಕಿನಿ ಪಕ್ಕದಲ್ಲೇ ನಿಂತಿದ್ದಳು. ಬಾಯಲ್ಲಿ ಎಲ್ಲ ರುಚಿಯೂ ನೆಟ್ಟಗಿದ್ದವಳು ಆ ಕೌಂಟರಿನೊಳಗೆ ಅವಳೊಬ್ಬಳೇ. ಯಾರೂ ಅವಳನ್ನು ಏನೂ ಕೇಳಲಿಲ್ಲ. ಅವಳು ಕಡಲೆಪುರಿಯ ಚೀಲ ಬಿಚ್ಚಿ, ಯಾರು ಗೆದ್ದರೂ ಉದುರಿಸಲು ಸಿದ್ಧವಾಗಿ, ಒಂದು ಹಿಡಿ ತುಂಬಿಕೊಂಡು ಕಾದಳು.